ಮರದ ಬುಡದಲ್ಲಿ ಅಡಿಕೆ ಸುಲಿಯಬಾರದು

ಕಾರವಾರದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರ ಪತ್ರ: "ನಾನು ಬರೆಯುತ್ತಿರುವ ಪುಟ್ಟ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳು) ಸೀರಿಯಲ್ ಪೋರ್ಟಿಗೆ ಒಂದೊಂದೇ ಅಕ್ಷರ ಟೈಪ್ ಮಾಡಿದರೆ ಎಲ್ಲ ಸರಿ. 40 ಅಕ್ಷರದ ಸಾಲನ್ನು ಒಮ್ಮೆಗೇ ಪೇಸ್ಟ್ ಮಾಡಿದರೆ ಅರ್ಧವೂ ಉಳಿಯುವುದಿಲ್ಲ. ಒಂದು ಇಂಟರಪ್ಟ್ ನೋಡಿಕೊಳ್ಳುತ್ತಿರುವಾಗ ಬಂದ ಇನ್ನೊಂದು ಕಳೆದೇ ಹೋಗುತ್ತದೆಯೇ? ಹ್ಯಾಂಡ್ಲರ್ ಒಳಗೇ ಇಂಟರಪ್ಟ್‌ಗಳನ್ನು ತೆರೆದುಬಿಡಲೇ?"

ಸಂಪಾದಕರ ಉತ್ತರ:

ಕೋಡನ್ನೂ ಜೊತೆಗಿಟ್ಟು ಕಳಿಸಿದ್ದು ಒಳ್ಳೆಯದಾಯಿತು. ಕಾಯಿಲೆ ಅದರಲ್ಲೇ ಕಾಣುತ್ತದೆ. ಇಂಟರಪ್ಟ್ ಎಂದರೆ ಸಾಧನವೊಂದು 'ಇತ್ತ ನೋಡು' ಎಂದು ಸಿಪಿಯುವನ್ನು ಕರೆಯುವ ಸಂಕೇತ, ಹ್ಯಾಂಡ್ಲರ್ ಎಂದರೆ ಆ ಕರೆಗೆ ಓಗೊಡುವ ಕೋಡು. ನಿಮ್ಮ ಹ್ಯಾಂಡ್ಲರ್ ಒಂದು ಬೈಟ್ ಓದುತ್ತದೆ. ಆಮೇಲೆ, ಪರೀಕ್ಷೆಗೆಂದು ನೀವು ಹಾಕಿಕೊಂಡ 20 ಅಕ್ಷರದ ಸಂದೇಶವನ್ನು ಅದೇ ಪೋರ್ಟಿಗೆ, ಪ್ರತಿ ಅಕ್ಷರ ಹೊರಹೋಗುವ ತನಕ ಕಾಯುತ್ತ, ಬರೆಯುತ್ತದೆ. 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಒಂದು ಬೈಟ್ ಸಾಗಲು ಸುಮಾರು 87 ಮೈಕ್ರೊಸೆಕೆಂಡ್ ಬೇಕು. ನೀವು 20 ಕಳಿಸುವಷ್ಟರಲ್ಲಿ ಆ ಕಡೆಯಿಂದಲೂ 20 ಬಂದಿಳಿಯುತ್ತವೆ. ಸೀರಿಯಲ್ ಪೋರ್ಟ್ ನೋಡಿಕೊಳ್ಳುವ ನಿಮ್ಮ 16550 ಚಿಪ್‌ನ ಸರತಿಯಲ್ಲಿ ಜಾಗವಿರುವುದು 16ಕ್ಕೆ ಮಾತ್ರ. ಮಿಕ್ಕದ್ದು ಚೆಲ್ಲಿಹೋಗುತ್ತದೆ.

ಅಂದರೆ ಕಳೆದದ್ದು ಇಂಟರಪ್ಟ್ ಅಲ್ಲ, ಬೈಟ್. ಹ್ಯಾಂಡ್ಲರ್ ನಡೆಯುವಾಗ ಸಿಪಿಯು ಹೊಸ ಕರೆಗೆ ಓಗೊಡದಿದ್ದರೂ ಇಂಟರಪ್ಟ್ ಕಂಟ್ರೋಲರ್ ಅದನ್ನು ಗುರುತು ಹಾಕಿಟ್ಟುಕೊಳ್ಳುತ್ತದೆ. ಆದರೆ ಸಾಧನ ಕರೆಯಲು ಬಳಸುವ ಒಂದು ತಂತಿಗೆ ಗುರುತಿನ ಬಿಟ್ ಒಂದೇ. ಎರಡು ಸಲ ಕರೆದರೂ ಐದು ಸಲ ಕರೆದರೂ ಅಷ್ಟೇ. ಆದ್ದರಿಂದ ಇಂಟರಪ್ಟ್ ಎಷ್ಟು ಬಂತೆಂದು ಎಣಿಸಬೇಡಿ, ಒಳಗೆ ಹೋದ ಮೇಲೆ ಸಾಧನವನ್ನೇ ಕೇಳಿ, ಸರತಿ ಬರಿದಾಗುವ ತನಕ ಓದಿ. ತಂತಿಯ ವೋಲ್ಟೇಜ್ ಏರುವ ಕ್ಷಣವನ್ನಷ್ಟೇ ಗಮನಿಸುವ ಬಗೆಯ ಕಂಟ್ರೋಲರ್ ಆದರೆ ಇದು ಇನ್ನೂ ಮುಖ್ಯ. ಒಂದು ಬೈಟ್ ಉಳಿಸಿ ಹೊರಬಂದರೂ ತಂತಿ ಇಳಿಯುವುದಿಲ್ಲ. ಇಳಿಯದ್ದು ಮತ್ತೆ ಏರುವುದೆಲ್ಲಿಂದ? ಪೋರ್ಟ್ ಮೂಕಾಗಿ ಕೂರುತ್ತದೆ.

ನಮ್ಮ ಶಿರಸಿ ಕಡೆಯ ಕೊನೆಕೊಯ್ಲು ನೋಡಿದ್ದೀರೋ ಇಲ್ಲವೋ. ಮರದ ಮೇಲಿನಿಂದ ಕೊನೆಗೌಡ ಅಡಿಕೆ ಕೊನೆಯನ್ನು ಹಗ್ಗದಲ್ಲಿ ಜಾರಿಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದು ನಿಂತವರು ಅದನ್ನು ಬಿಡಿಸಿ ಪಕ್ಕಕ್ಕಿಟ್ಟು ತಕ್ಷಣ ಮೇಲೆ ನೋಡುತ್ತಾರೆ. ಸುಲಿಯುವ ಕೆಲಸ ಆಮೇಲೆ, ಮನೆಗೆ ತಂದು, ಮೆಟ್ಟುಗತ್ತಿಯ ಮುಂದೆ ಕೂತು. ನಿಮ್ಮ ಹ್ಯಾಂಡ್ಲರ್ ಮರದ ಬುಡದಲ್ಲೇ ಸುಲಿಯಲು ಕೂತಿದೆ. ಲಿನಕ್ಸ್‌ನಲ್ಲಿ ಟಾಪ್ ಹಾಫ್ (ತಕ್ಷಣದ ಪುಟ್ಟ ಕೆಲಸ), ಬಾಟಮ್ ಹಾಫ್ (ಆಮೇಲಿನ ದೊಡ್ಡ ಕೆಲಸ) ಎಂದು ಕೆಲಸವನ್ನು ಎರಡು ಮಾಡಿದ್ದು ಇದಕ್ಕೇ.

ಹ್ಯಾಂಡ್ಲರ್ ಒಳಗೆ ಇಂಟರಪ್ಟ್ ತೆರೆಯುವ ಯೋಚನೆ ದಯವಿಟ್ಟು ಬಿಡಿ. ಒಂದರ ಮೇಲೊಂದು ಹ್ಯಾಂಡ್ಲರ್ ಪೇರಿಸಿಕೊಂಡರೆ ಕರ್ನಲ್‌ನ ಪುಟ್ಟ ಸ್ಟ್ಯಾಕ್ (ನಡುವೆ ನಿಂತ ಕೆಲಸಗಳ ವಿವರ ಇಡುವ ಜಾಗ) ತುಂಬಿ ಒಡೆಯುತ್ತದೆ. 2010ರ 2.6.35 ಆವೃತ್ತಿಯಿಂದ ಲಿನಕ್ಸ್ ಕೂಡ ಹ್ಯಾಂಡ್ಲರ್‌ಗಳನ್ನು ಇಂಟರಪ್ಟ್ ಮುಚ್ಚಿಯೇ ನಡೆಸುತ್ತದೆ.

ಮುಂದೊಂದು ದಿನ ನೀವು ನೆಟ್‌ವರ್ಕ್ ಕಾರ್ಡಿಗೆ ಕೈ ಹಾಕುತ್ತೀರಿ. ಗಿಗಾಬಿಟ್ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ 14,88,000ಕ್ಕೂ ಹೆಚ್ಚು ಬರಬಲ್ಲವು. ಪ್ರತಿಯೊಂದಕ್ಕೂ ಇಂಟರಪ್ಟ್ ಆದರೆ ಯಂತ್ರ ಇಡೀ ಹೊತ್ತು ಓಗೊಡುವುದರಲ್ಲೇ ಕಳೆದು, ಒಂದು ಪ್ಯಾಕೆಟ್ಟೂ ಪ್ರೋಗ್ರಾಮಿಗೆ ತಲುಪುವುದಿಲ್ಲ. ಸಂಶೋಧಕರಾದ ಮೊಗಲ್ ಮತ್ತು ರಾಮಕೃಷ್ಣನ್ 1996ರಲ್ಲಿ ಇದನ್ನು ವಿವರಿಸಿ ಪರಿಹಾರವನ್ನೂ ತೋರಿಸಿದರು. ಲಿನಕ್ಸ್‌ನ ನಾಪಿ ವ್ಯವಸ್ಥೆ ಅದೇ ದಾರಿಯದು: ಮೊದಲ ಇಂಟರಪ್ಟ್ ಬಂದೊಡನೆ ಕಾರ್ಡಿನ ಬಾಯಿ ಮುಚ್ಚಿಸಿ, ಸಾಮಾನ್ಯವಾಗಿ ಒಂದು ಸರದಿಗೆ 64ರಂತೆ ತಾನೇ ಹೋಗಿ ಎತ್ತಿಕೊಳ್ಳುತ್ತದೆ, ಬರಿದಾದ ಮೇಲಷ್ಟೇ ಮತ್ತೆ ಇಂಟರಪ್ಟ್ ತೆರೆಯುತ್ತದೆ.

ಸದ್ಯಕ್ಕೆ ಆ ಸಂದೇಶದ ಸಾಲನ್ನು ಅಳಿಸಿ. ಚಿಪ್‌ನ ಸ್ಥಿತಿ ಹೇಳುವ ಲೈನ್ ಸ್ಟೇಟಸ್ ರಿಜಿಸ್ಟರಿನ 0ನೇ ಬಿಟ್ (ಓದಲು ಬೈಟ್ ಇದೆ ಎನ್ನುವುದು) ಸೊನ್ನೆಯಾಗುವ ತನಕ ಓದಿ ರಿಂಗ್ ಬಫರಿಗೆ (ಸುತ್ತಿ ಸುತ್ತಿ ಬಳಸುವ ತಾತ್ಕಾಲಿಕ ಜಾಗ) ಹಾಕಿ. ಪ್ರತಿ ಸಲ 1ನೇ ಬಿಟ್ ಕೂಡ ನೋಡಿ. ಸರತಿ ಉಕ್ಕಿ ಬೈಟ್ ಹೋಯಿತೆಂದು ಹೇಳುವುದು ಅದೇ. 40 ಅಕ್ಷರದ ಬದಲು 4,000 ಪೇಸ್ಟ್ ಮಾಡಿ, ಆ ಬಿಟ್ ಎಷ್ಟು ಸಲ ಏಳುತ್ತದೆಂದು ಎಣಿಸಿ ನನಗೆ ಬರೆಯಿರಿ.