ಐಸಿಟಿ ನೆಗೆಟಿವ್ ಬಂದರೆ ಮಗುವಿಗೆ ಕಾಮಾಲೆ ಬರಲ್ವಾ?

ಪ್ರಶ್ನೆ: ಎರಡನೇ ಬಸಿರು, ಈಗ ಆರನೇ ತಿಂಗಳು. ನನ್ನದು ಓ ನೆಗೆಟಿವ್, ಯಜಮಾನರದ್ದು ಬಿ ಪಾಸಿಟಿವ್. ಮೊದಲ ಮಗುವೂ ಬಿ ಪಾಸಿಟಿವ್, ಹುಟ್ಟಿದ ಮಾರನೇ ದಿನವೇ ಹಳದಿಯಾಗಿ ಲೈಟಿನ ಕೆಳಗೆ ಇಟ್ಟಿದ್ದರು. ಆಗ ನನಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದರು. ಈಗ ಐಸಿಟಿ (ತಾಯಿಯ ರಕ್ತದಲ್ಲಿ ಆಂಟಿಬಾಡಿ ಹುಡುಕುವ ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್) ನೆಗೆಟಿವ್. ಈ ಸಲ ಭಯ ಇಲ್ಲ ಅಲ್ವಾ?
– ಓದುಗರು, ಮದ್ದೂರು

ಉತ್ತರ: ಅರ್ಧ ಭಯ ಬಿಡಿ, ಇನ್ನರ್ಧ ಇರಲಿ.

ನಿಮ್ಮ ರಕ್ತದಲ್ಲಿ ಆರ್‌ಎಚ್ (ರಕ್ತದ ಗುಂಪನ್ನು ಪಾಸಿಟಿವ್ ಮಾಡುವ ಅಂಶ) ವಿರುದ್ಧ ಆಂಟಿಬಾಡಿ, ಅಂದರೆ ಹೊರಗಿನ ಕಣವನ್ನು ಎದುರಿಸಲು ದೇಹ ತಯಾರಿಸುವ ವಸ್ತು, ಹುಟ್ಟಿಲ್ಲ ಅಂತ ಐಸಿಟಿ ಹೇಳುತ್ತಿದೆ. ಒಳ್ಳೇ ಸುದ್ದಿ. 28ನೇ ವಾರಕ್ಕೆ ಮತ್ತೊಮ್ಮೆ ಮಾಡಿಸಿ, ಆದರೆ ಮೊದಲು ರಕ್ತ ಕೊಟ್ಟು ಆಮೇಲೆ ಆ ಆಂಟಿಬಾಡಿ ಹುಟ್ಟದಂತೆ ತಡೆಯುವ ಆಂಟಿ-ಡಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಆ ಇಂಜೆಕ್ಷನ್ನೇ ಟೆಸ್ಟನ್ನು ಪಾಸಿಟಿವ್ ಮಾಡಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಮಗುವಿನ ರಕ್ತದ ಗುಂಪು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು ಡೋಸ್ ಬೇಕು.

ಇನ್ನು ಮೊದಲ ಮಗುವಿನ ಕಾಮಾಲೆ. ಅದು ಬಹುಶಃ ಆರ್‌ಎಚ್‌ನಿಂದ ಬಂದದ್ದಲ್ಲ, ತಾಯಿ-ಮಗುವಿನ ಎ, ಬಿ, ಓ ಗುಂಪುಗಳು (ಎಬಿಓ) ಹೊಂದಾಣಿಕೆ ಆಗದೆ ಬಂದದ್ದು. ಓ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ವಿರುದ್ಧದ ಆಂಟಿಬಾಡಿ ಬಸಿರಿಗೆ ಮುಂಚಿನಿಂದಲೇ ಇರುತ್ತದೆ, ಹಾಗಾಗಿ ಮೊದಲ ಮಗುವಿನ ಕೆಂಪು ಕಣಗಳನ್ನೂ ಅದು ಒಡೆಯಬಹುದು. ಐಸಿಟಿಗೆ ಬಳಸುವುದೇ ಓ ಗುಂಪಿನ ಕಣ, ಆದ್ದರಿಂದ ಈ ಆಂಟಿಬಾಡಿ ಅದರಲ್ಲಿ ಕಾಣುವುದೇ ಇಲ್ಲ! ಆಂಟಿ-ಡಿ ಕೂಡ ಇದನ್ನು ತಡೆಯುವುದಿಲ್ಲ. ಇಷ್ಟನ್ನು ತಾಯಂದಿರಿಗೆ ಬಿಡಿಸಿ ಹೇಳುವವರು ಕಡಿಮೆ, ಅದೇ ನನಗೆ ಬೇಜಾರು.

ಮಗು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಗುಂಪು, ಡಿಸಿಟಿ (ಡೈರೆಕ್ಟ್ ಕೂಂಬ್ಸ್ ಟೆಸ್ಟ್), ಹಿಮೋಗ್ಲೋಬಿನ್, ಬಿಲಿರುಬಿನ್ (ಕೆಂಪು ಕಣ ಒಡೆದಾಗ ಹುಟ್ಟಿ ಮೈ ಹಳದಿ ಮಾಡುವ ವಸ್ತು) ನೋಡಲು ಈಗಲೇ ಡಾಕ್ಟರಿಗೆ ಹೇಳಿಡಿ, ತಾಯಿ ಕಾರ್ಡಿನಲ್ಲೂ ಬರೆಸಿ. ಡಿಸಿಟಿ ಪಾಸಿಟಿವ್ ಅಂದರೆ ಮಗುವಿನ ಕಣಕ್ಕೆ ನಿಮ್ಮ ಆಂಟಿಬಾಡಿ ಅಂಟಿದೆ ಅಂತ ಅಷ್ಟೇ. ಕಣ ನಿಜಕ್ಕೂ ಒಡೆಯುತ್ತಿದೆಯಾ ಅನ್ನುವುದು ರೆಟಿಕ್ ಕೌಂಟ್ (ಹೊಸ ಕೆಂಪು ಕಣಗಳ ಎಣಿಕೆ), ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಮಿಯರ್‌ನಲ್ಲಿ ಗೊತ್ತಾಗುತ್ತದೆ. ಎಬಿಓ ತೊಂದರೆಯಲ್ಲಿ ಡಿಸಿಟಿ ನೆಗೆಟಿವ್ ಬಂದೂ ಕಾಮಾಲೆ ಏರಿದ ಮಕ್ಕಳಿದ್ದಾರೆ. ಅದಕ್ಕೇ ನಾನು ಒಂದು ಟೆಸ್ಟನ್ನು ನೆಚ್ಚುವುದಿಲ್ಲ, ಬಿಲಿರುಬಿನ್ ಎಷ್ಟು ಬೇಗ ಏರುತ್ತಿದೆ ಅನ್ನುವುದನ್ನೇ ಜಾಸ್ತಿ ನೋಡುತ್ತೇನೆ. ಬಿಲಿರುಬಿನ್ನಿನ ಅದೇ ಅಂಕಿ 20 ಗಂಟೆಯ ಕೂಸಿಗೆ ಅಪಾಯ, ನಾಲ್ಕು ದಿನದ ಕೂಸಿಗೆ ಮಾಮೂಲಿ ಆಗಬಹುದು.

ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ ಅದು ಯಾವತ್ತೂ ಮಾಮೂಲಿ ಅಲ್ಲ. ಬಾಣಂತನಕ್ಕೆ ತವರಿಗೆ ಹೊರಡುವ ಆತುರದಲ್ಲಿ ಬೇಗ ಡಿಸ್ಚಾರ್ಜ್ ಕೇಳಬೇಡಿ. ಮನೆಗೆ ಹೋದ ಮೇಲೂ ಎಳೆ ಬಿಸಿಲಿಗೆ ಹಿಡಿದರೆ ಸಾಕು ಅಂತ ಯಾರಾದರೂ ಅಂದರೆ ಕೇಳಬೇಡಿ. ಹಳದಿ ಹೊಟ್ಟೆ, ಕಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾಗಿ ಮಲಗಿದರೆ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ.