ಊದದ ಸೀಟಿ

"ನಾನು ಮೋಸ ಮಾಡಿಲ್ಲ ಮೇಡಂ. ಮೋಸ ಅಂತ ಯಾರೂ ಅನ್ನಬಾರದು ಅಂತ ಹಾಗೆ ಮಾಡಿದೆ."

ಕೂತು ಐದು ನಿಮಿಷ ಆಗಿರಲಿಲ್ಲ, ಈ ಮಾತು ಬಂತು. ದಾವಣಗೆರೆ ಕಡೆಯವರು, ವಯಸ್ಸು 45ರ ಆಸುಪಾಸು, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.) 11 ವರ್ಷದ ಮಗಳು ಮೂರು ವಾರದಿಂದ ಸರಿಯಾಗಿ ಮಾತಾಡುತ್ತಿರಲಿಲ್ಲ. ಶುಕ್ರವಾರ ರಾತ್ರಿ ಇವರಿಗೆ ನಿದ್ದೆ ಬರುತ್ತಿರಲಿಲ್ಲ. ಯಾಕೆಂದರೆ ಶನಿವಾರ ಮಗಳ ಸಾಕರ್ (ಅಂದರೆ ಫುಟ್‌ಬಾಲ್) ಮ್ಯಾಚ್.

ನನಗೂ ಅವರಿಗೂ ಕನ್ನಡ ಕೂಟದ ಯುಗಾದಿ ಊಟದಲ್ಲಿ ಮುಖಪರಿಚಯ ಇತ್ತು. ಅದನ್ನು ಮೊದಲೇ ಹೇಳಿ, "ಬೇರೆ ಕೌನ್ಸೆಲರ್ ಬೇಕಿದ್ದರೆ ಹೆಸರು ಕೊಡುತ್ತೇನೆ" ಎಂದಿದ್ದೆ. ನಮ್ಮ ಕೆಲಸದಲ್ಲಿ ಇದು ರೂಢಿ. ಪರವಾಗಿಲ್ಲ ಎಂದರು.

ಅಮೆರಿಕದ ಮಕ್ಕಳ ಸಾಕರ್‌ನಲ್ಲಿ ದುಡ್ಡು ಸುರಿದು ಆಡುವ ಕ್ಲಬ್‌ಗಳು ಬೇರೆ, ಬಡಾವಣೆಯ ಮಕ್ಕಳು ಖುಷಿಗೆ ಆಡುವ ಲೀಗ್‌ಗಳು ಬೇರೆ. ಎರಡನೆಯದು ನಡೆಯುವುದೇ ಅಪ್ಪ ಅಮ್ಮಂದಿರ ಬಿಟ್ಟಿ ದುಡಿಮೆಯಿಂದ. 1964ರಲ್ಲಿ ಇದೇ ರಾಜ್ಯದ ಟೊರಾನ್ಸ್‌ನಲ್ಲಿ ಶುರುವಾದ ಎವೈಎಸ್‌ಒ (ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಶನ್) ಅಂಥದ್ದರಲ್ಲಿ ದೊಡ್ಡದು. ಅಲ್ಲಿ ಆಟ ಬರಲಿ ಬಿಡಲಿ, ಪ್ರತಿ ಮಗುವಿಗೂ ಕನಿಷ್ಠ ಅರ್ಧ ಮ್ಯಾಚ್ ಆಡಲು ಕೊಡಬೇಕು. ಕೋಚ್ ಯಾರದೋ ಅಪ್ಪ, ಕಿತ್ತಳೆ ಹೆಚ್ಚಿ ತರುವವರು ಯಾರದೋ ಅಮ್ಮ, ರೆಫರಿಯೂ ಯಾರದೋ ಅಪ್ಪ. ಕೆಲವು ಲೀಗ್‌ಗಳಲ್ಲಿ ಇನ್ನೊಂದು ಲೆಕ್ಕ ಇದೆ. ಪೋಷಕರು ರೆಫರಿ ಕೆಲಸ ಮಾಡಿದಷ್ಟು ಅವರ ಮಗುವಿನ ತಂಡಕ್ಕೆ ಪಾಯಿಂಟು. ಪಾಯಿಂಟು ಸಾಲದಿದ್ದರೆ ಸೀಸನ್ ಕೊನೆಯ ಟೂರ್ನಿಗೆ ಜಾಗ ಇಲ್ಲ. ಯಾರ ಕಡೆಗೂ ವಾಲಬಾರದವರನ್ನು ಮೈದಾನಕ್ಕೆ ಎಳೆದು ತರುವುದೇ ತಮ್ಮ ತಂಡದ ಮೇಲಿನ ಆಸೆ! ಬೇರೆ ಮ್ಯಾಚಿಗೆ ಹಾಕಿದರೆ ತೊಂದರೆ ಇಲ್ಲ. ಆದರೆ ಬರಬೇಕಾದ ರೆಫರಿ ಬೆಳಗ್ಗೆ 8 ಗಂಟೆಗೆ ಕೈಕೊಟ್ಟರೆ? ರೆಫರಿಯ ಹಳದಿ ಜೆರ್ಸಿ ಬ್ಯಾಗಲ್ಲಿಟ್ಟುಕೊಂಡು ಅಲ್ಲೇ ನಿಂತಿರುವವರ ಕೈಗೆ ಸೀಟಿ ಬರುತ್ತದೆ. ಇವರಿಗೂ ಹಾಗೇ ಬಂತು.

ನನಗೆ ಸಾಕರ್ ಅಷ್ಟಕ್ಕಷ್ಟೆ. ಅವರೇ ನನ್ನ ಟೇಬಲ್ ಮೇಲೆ ಆಡಿ ತೋರಿಸಿದರು. ಟಿಶ್ಯೂ ಡಬ್ಬಿ ಗೋಲು. ಪೆನ್ನಿನ ಮುಚ್ಚಳ ಮಗಳು. ಸ್ಟೇಪ್ಲರ್ ಎದುರು ತಂಡದ ಡಿಫೆಂಡರ್. 12ರ ಒಳಗಿನವರ ಆಟ, ಒಂದು ಕಡೆಗೆ 9 ಜನ, 30 ನಿಮಿಷದ ಎರಡು ಭಾಗ. ಮಗಳ ತಂಡ 1-2ರಲ್ಲಿ ಹಿಂದಿತ್ತು, 3 ನಿಮಿಷ ಬಾಕಿ. ಮುಚ್ಚಳ ಎಡಗಡೆಯಿಂದ ಬಂದು ಪೆನಾಲ್ಟಿ ಜಾಗದೊಳಗೆ (ಗೋಲಿನ ಮುಂದಿನ ಚೌಕ; ಅಲ್ಲಿ ಎದುರಿನವರು ಫೌಲ್ ಮಾಡಿದರೆ ನೇರ ಗೋಲಿಗೆ ಒದೆಯುವ ಅವಕಾಶ, ಅದೇ ಪೆನಾಲ್ಟಿ) ನುಗ್ಗಿತು. ಸ್ಟೇಪ್ಲರ್ ಅಡ್ಡ ಬಂತು. ಅದರ ಕಾಲು ಚೆಂಡಿಗೆ ತಗಲಲಿಲ್ಲ, ಮಗಳ ಕಾಲಿಗೆ ತಗಲಿತು. ಮುಚ್ಚಳವನ್ನು ಮೆಲ್ಲಗೆ ಮಲಗಿಸಿದರು.

"ಹತ್ತು ಹೆಜ್ಜೆ ದೂರದಲ್ಲಿದ್ದೆ ಮೇಡಂ. ಸೀಟಿ ಬಾಯಲ್ಲಿತ್ತು. ಉಸಿರು ಎಳ್ಕೊಂಡೂ ಆಗಿತ್ತು. ಅಷ್ಟರಲ್ಲಿ ಗೆರೆ ಆಚೆ ಕುರ್ಚಿ ಹಾಕ್ಕೊಂಡು ಕೂತಿದ್ದವರು ಕಣ್ಣಿಗೆ ಬಿದ್ರು. ಮ್ಯಾಚಿಗೆ ಮುಂಚೆ ಅವರಲ್ಲೊಬ್ರು, ನಿಮ್ಮ ಮಗಳು ಯಾರು ಅಂತ ಕೇಳಿದ್ರು. ಸುಮ್ನೆ ಕೇಳಿದ್ದು. ಈಗ ಊದಿದ್ರೆ ಬೇಲಿನೇ ಎದ್ದು ಹೊಲ ಮೇಯ್ತು ಅಂತಾರೆ ಅನ್ನಿಸ್ತು. ಕೈ ಬೀಸಿ, ಆಡಿ ಆಡಿ ಅಂದ್ಬಿಟ್ಟೆ."

ಮಗಳು ತಕ್ಷಣ ಏಳಲಿಲ್ಲ. ಹುಲ್ಲಿನ ಮೇಲೆ ಕೂತು ಅಪ್ಪನ ಮುಖ ನೋಡಿದಳು. ಆಟ ಮುಗಿದ ಮೇಲೆ ಎದುರು ತಂಡದ ಕೋಚ್ ಕೈ ಕುಲುಕಿ, ತುಂಬಾ ಚೆನ್ನಾಗಿ ನಡೆಸಿಕೊಟ್ಟಿರಿ ಎಂದರಂತೆ. ಅದು ಇನ್ನೂ ಚುಚ್ಚುತ್ತಿದೆ ಎಂದರು.

ಮನೆಗೆ ಬಂದು ಶಿನ್‌ಗಾರ್ಡ್ ಬಿಚ್ಚುತ್ತಾ ಅವಳು ಕೇಳಿದ್ದು ಒಂದೇ. "ಬೇರೆ ಹುಡುಗಿ ಆಗಿದ್ರೆ ಊದ್ತಿದ್ದೆ ಅಲ್ವಾ?" ಇವರು ಉತ್ತರ ಕೊಡಲಿಲ್ಲ, ಪಾಠ ಮಾಡಿದರು. 12ನೇ ನಿಯಮ ಏನನ್ನು ಫೌಲ್ ಅನ್ನುತ್ತೆ, ರೆಫರಿಯ ಮಾತೇ ಯಾಕೆ ಕೊನೆಯದು, ಎಲ್ಲ. ಅವಳು ಮಹಡಿ ಹತ್ತಿ ಹೋದಳು.

ಸಂಬಂಧ ಅಡ್ಡ ಬಂತು ಅಂದಕೂಡಲೇ ನಾವು ಅಂದುಕೊಳ್ಳುವುದು ತನ್ನವರಿಗೆ ಸಹಾಯ ಮಾಡಿದರು ಅಂತ. ಇಲ್ಲಿ ಆಗಿದ್ದು ಉಲ್ಟಾ. ಆದರೆ ಬೇರು ಅದೇ. ಮಗಳ ಕಡೆ ವಾಲಿದರೂ ಅಷ್ಟೆ, ಜನರಿಗೆ ಹೆದರಿ ಆಚೆ ವಾಲಿದರೂ ಅಷ್ಟೆ. ಕಣ್ಣು ಕಂಡದ್ದನ್ನು ಸೀಟಿ ಹೇಳಲಿಲ್ಲ. ಇದು ಅವರಿಗೆ ಇಷ್ಟವಾಗಲಿಲ್ಲ. ತಮ್ಮ ಮಗಳಿಗೆ ಬರಬೇಕಾದ ಪೆನಾಲ್ಟಿಯನ್ನೇ ಬಿಟ್ಟುಕೊಟ್ಟೆ, ಇದರಲ್ಲಿ ತಮಗೇನು ಲಾಭ ಎಂದು ವಾದಿಸಿದರು. "ಪೆನಾಲ್ಟಿ ಅವಳದು, ಅವಳ ಜೊತೆ ಆಡುತ್ತಿದ್ದ ಇನ್ನೂ 8 ಹುಡುಗಿಯರದು. ಬಿಟ್ಟುಕೊಟ್ಟವರು ನೀವು. ಒಳ್ಳೇ ಹೆಸರು ಬಂದಿದ್ದು ಯಾರಿಗೆ?" ಎಂದೆ. ಸ್ವಲ್ಪ ಖಾರ ಜಾಸ್ತಿಯಾಯಿತು, ಒಪ್ಪುತ್ತೇನೆ. ಆ ದಿನ ಬೇಗ ಎದ್ದು ಹೋದರು.

ಮುಂದಿನ ವಾರ ಬಂದವರು ಊರಿನ ಕತೆ ತೆಗೆದರು. ತಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇವರು ಅದೇ ಕ್ಲಾಸಿನಲ್ಲಿ. ಮೇಷ್ಟ್ರ ಮಗನಿಗೆ ಎರಡು ಏಟು ಜಾಸ್ತಿಯೇ ಬೀಳುತ್ತಿತ್ತು. ಒಂದು ಸಲ ಸ್ಟೆಪ್ಸ್ ಬರೆದಿಲ್ಲ ಎಂದು ಸರಿ ಉತ್ತರಕ್ಕೂ ಎರಡು ಮಾರ್ಕು ಕಳೆದರಂತೆ. ಪಕ್ಕದ ಹುಡುಗನೂ ಸ್ಟೆಪ್ಸ್ ಬರೆದಿರಲಿಲ್ಲ, ಅವನಿಗೆ ಪೂರ್ತಿ ಸಿಕ್ಕಿತ್ತು. ಹೇಳಿ ಸುಮ್ಮನೆ ಕೂತರು. ನಾನೂ ಏನೂ ಹೇಳಲಿಲ್ಲ.

ಕ್ರಿಕೆಟ್ ಹುಚ್ಚಿದ್ದವರು ಅಂತ ಆಮೇಲೆ ಅಂಪೈರ್ ವಿಷಯ ತೆಗೆದೆ. ಇಸವಿ ಎಲ್ಲ ಅವರ ಬಾಯಲ್ಲೇ ಇತ್ತು. 1986ರಲ್ಲಿ ಪಾಕಿಸ್ತಾನ, ವೆಸ್ಟ್ ಇಂಡೀಸ್ ನಡುವಿನ ಲಾಹೋರ್ ಟೆಸ್ಟಿಗೆ ನಮ್ಮ ವಿ.ಕೆ. ರಾಮಸ್ವಾಮಿ, ಪಿಲೂ ರಿಪೋರ್ಟರ್ ಅಂಪೈರ್ ಆಗಿ ಹೋಗಿದ್ದು. 1994ರಿಂದ ಟೆಸ್ಟಿಗೆ ಒಬ್ಬ ಹೊರದೇಶದ ಅಂಪೈರ್, 2002ರಿಂದ ಇಬ್ಬರೂ. "ಅಲ್ಲೀತನಕ ಇದ್ದ ತವರಿನ ಅಂಪೈರ್‌ಗಳೆಲ್ಲ ಕಳ್ಳರಾ?" ಎಂದು ಕೇಳಿದೆ. ಯೋಚಿಸಿ ಹೇಳಿದರು, "ಇಲ್ಲ. ಕಳ್ಳ ಅಲ್ಲದೋನಿಗೂ ಅಲ್ಲಿ ನಿಂತ್ಕೊಳ್ಳೋದು ಕಷ್ಟ."

ನನ್ನ ಸಲಹೆ ಅಲ್ಲಿಂದಲೇ ಶುರುವಾಯಿತು. ಇನ್ನೂ ನ್ಯಾಯವಾಗಿರಿ ಎಂದು ನಾನು ಹೇಳಲಿಲ್ಲ. ಅದನ್ನು ಮಾಡಲು ಹೋಗಿಯೇ ಅವರು ಇಲ್ಲಿಗೆ ಬಂದದ್ದು. ಆ ಜಾಗದಲ್ಲಿ ನಿಲ್ಲಲೇ ಬೇಡಿ ಎಂದೆ. ರೆಫರಿಗಳನ್ನು ಹಂಚುವ ಕೋಆರ್ಡಿನೇಟರ್‌ಗೆ ಬರೆದು, ಮಗಳ ಮ್ಯಾಚ್ ಅಷ್ಟೇ ಅಲ್ಲ, ಅವಳ ವಿಭಾಗದ ಯಾವ ಮ್ಯಾಚೂ ಬೇಡ ಅನ್ನಿ. ಇನ್ನೊಂದು ತಂಡ ಸೋತರೂ ಪಟ್ಟಿಯಲ್ಲಿ ಅವಳ ತಂಡ ಮೇಲೆ ಬರುತ್ತೆ ಅಲ್ವಾ? 10ರ ಒಳಗಿನ ಹುಡುಗರ ಮ್ಯಾಚ್ ಕೇಳಿ. ಪಾಯಿಂಟು ಹೇಗೂ ಮಗಳ ತಂಡಕ್ಕೇ ಬರುತ್ತದೆ. ಮತ್ತೆ ಶನಿವಾರ ಬೆಳಗ್ಗೆ ಸಿಕ್ಕಿಬಿದ್ದರೆ ಪಕ್ಕದ ಮೈದಾನದ ರೆಫರಿ ಜೊತೆ ಅದಲುಬದಲು ಮಾಡಿಕೊಳ್ಳಿ. ಅದೂ ಆಗದಿದ್ದರೆ ಬಾವುಟ ಹಿಡಿದು ಗೆರೆ ಕಾಯಿರಿ, ಚೆಂಡು ಹೊರಗೆ ಹೋಯಿತಾ ಇಲ್ಲವಾ ಅಷ್ಟೇ ಹೇಳಿ. ಯಾವ ದಾರಿಯೂ ಇಲ್ಲದಿದ್ದರೆ ಇಬ್ಬರು ಕೋಚ್‌ಗಳನ್ನೂ ಒಟ್ಟಿಗೆ ಕರೆದು, "ಇವಳು ನನ್ನ ಮಗಳು. ಬೇರೆ ಯಾರಾದರೂ ಊದುವುದಾದರೆ ಸೀಟಿ ಕೊಡುತ್ತೇನೆ" ಎನ್ನಿ. ನಾನು ಮೊದಲ ದಿನ ನಿಮ್ಮನ್ನು ಕೇಳಿದೆನಲ್ಲ, ಹಾಗೆ.

ಫಲಿತಾಂಶ ಬದಲಿಸಿ ಅಂತ ಲೀಗ್‌ಗೆ ಬರೆಯಲಾ ಎಂದರು. ಬೇಡ ಎಂದೆ. ಮುಗಿದ ಆಟದಲ್ಲಿ ರೆಫರಿಯ ತೀರ್ಮಾನ ಮುಗಿದ ಹಾಗೆಯೇ. ಅಲ್ಲದೆ ಅದು ಒಳ್ಳೇ ಹೆಸರಿಗೆ ಇನ್ನೊಂದು ಸಲ ಕೈಚಾಚಿದ ಹಾಗೆ.

ಮಗಳಿಗೆ ಹೇಳಲು ಮೂರೇ ಮಾತು ಕೊಟ್ಟೆ. "ನಾನು ನೋಡಿದೆ. ಅದು ಫೌಲ್. ಊದಲಿಲ್ಲ." ಅವಳಾಗಿ ಕೇಳುವ ತನಕ ನಾಲ್ಕನೆಯದು ಬೇಡ. ನನ್ನ ಮುಂದೆ ಮೂರು ಸಲ ಹೇಳಿ ನೋಡಿದರು. ಮೂರು ಸಲವೂ ಬಾಲಕ್ಕೆ "ಯಾಕಂದ್ರೆ" ಅಂಟಿಕೊಂಡಿತು. ಕೊನೆಗೆ ಕಾರು ಓಡಿಸುತ್ತಾ, ರಸ್ತೆ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರಂತೆ. ಅವಳು "ಗೊತ್ತು" ಎಂದು ಇಯರ್‌ಫೋನ್ ಹಾಕಿಕೊಂಡಳು. ಕೆಲಸ ಆಗಲಿಲ್ಲ ಎಂದು ಬೇಜಾರಿನಿಂದ ಫೋನ್ ಮಾಡಿದರು. ಇನ್ನೆರಡು ಶನಿವಾರ ನೋಡೋಣ ಎಂದೆ.

ಕೊನೆಯ ಸಲ ಬಂದಾಗ ನಗುತ್ತಿದ್ದರು. 3ನೇ ಮೈದಾನದಲ್ಲಿ ಪುಟ್ಟ ಹುಡುಗರ ಮ್ಯಾಚ್ ನಡೆಸುತ್ತಿದ್ದಾಗ ತನ್ನ ಆಟ ಮುಗಿಸಿಕೊಂಡು ಮಗಳು ಬಂದು ಗೆರೆ ಹತ್ತಿರ ಕೂತಳಂತೆ. ಮುಗಿದ ಮೇಲೆ, "ಆ ಹುಡುಗ ಕಾಲೆತ್ತಿ ಥ್ರೋ ಹಾಕಿದ, ನೀನು ನೋಡ್ಲೇ ಇಲ್ಲ" ಎಂದಳಂತೆ.

"ಹೌದಾ, ಎತ್ತಿದ್ನಾ?" ಎಂದೆ.

"ಎತ್ತಿದ್ದ ಮೇಡಂ. ಆದ್ರೆ ನಾನು ಒಪ್ಲಿಲ್ಲ. ಕಾರಿನ ತನಕ ಅದೇ ಜಗಳ."