ಎಂಡಿ ಓದುವಾಗಲೇ ಐಡಿಎಸ್‌ಎ ಸದಸ್ಯತ್ವ ಬೇಕಾ?

ನೀವು ಕೇಳಿರುವುದು ಇಷ್ಟು. ಮಂಡ್ಯದಲ್ಲಿ ಎಂಡಿ ಜನರಲ್ ಮೆಡಿಸಿನ್ ಎರಡನೇ ವರ್ಷ. ಮುಂದೆ ಸೋಂಕು ರೋಗಗಳ ಕಡೆ ಹೋಗುವ ಆಸೆ. ಅಮೆರಿಕದ ಐಡಿಎಸ್‌ಎ, ಅಂದರೆ ಇನ್‌ಫೆಕ್ಷಿಯಸ್ ಡಿಸೀಸಸ್ ಸೊಸೈಟಿ ಆಫ್ ಅಮೆರಿಕ, ಅದರ ಸದಸ್ಯತ್ವ ತಗೊಳ್ಳಲಾ, ಇಲ್ಲ ನಮ್ಮ ದೇಶದ ಸಿಐಡಿಎಸ್, ಅಂದರೆ ಕ್ಲಿನಿಕಲ್ ಇನ್‌ಫೆಕ್ಷಿಯಸ್ ಡಿಸೀಸಸ್ ಸೊಸೈಟಿ, ಸಾಕಾ? ನಿಮ್ಮ ಸೀನಿಯರ್ "ಎರಡೂ ದುಡ್ಡು ದಂಡ" ಅಂದಿದ್ದಾರೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಸಿಐಡಿಎಸ್ ಕಡೆ ನೋಡಿ. ಐಡಿಎಸ್‌ಎ ಸದ್ಯಕ್ಕೆ ಬೇಡ. ನಾನು ಮೈಸೂರಿನಲ್ಲಿ ಫಿಸಿಷಿಯನ್, ವಾರಕ್ಕೊಮ್ಮೆ ಮಂಡ್ಯದಲ್ಲೂ ಒಪಿಡಿ ನೋಡುತ್ತೇನೆ. ಎರಡೂ ಕಡೆ ದುಡ್ಡು ಕಟ್ಟಿ ನೋಡಿದ್ದೇನೆ. ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ಸರಿ, ಯಾವ ಅರ್ಧ ಅನ್ನುವುದು ಮುಖ್ಯ.

ಏನು ಸಿಗುವುದಿಲ್ಲ ಅನ್ನುವುದನ್ನು ಬೇಗ ಮುಗಿಸೋಣ. ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪದವಿ) ಇನ್‌ಫೆಕ್ಷಿಯಸ್ ಡಿಸೀಸಸ್ ಸೀಟು ನೀಟ್ ಎಸ್‌ಎಸ್ ಅಥವಾ ಐಎನ್‌ಐ ಎಸ್‌ಎಸ್ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮೇಲೆ ಸಿಗುತ್ತದೆ. ಅಲ್ಲಿ ಸದಸ್ಯತ್ವಕ್ಕೆ ಒಂದು ಅಂಕವೂ ಇಲ್ಲ. ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೂ ಅಷ್ಟೇ. ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆ, ಅಲ್ಲಿನ ರೆಸಿಡೆನ್ಸಿ ತರಬೇತಿ, ಆಮೇಲೆ ಫೆಲೋಶಿಪ್. ಐಡಿಎಸ್‌ಎ ಕಾರ್ಡ್ ತೋರಿಸಿದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಬೋರ್ಡಿನಲ್ಲಿ ಹೆಸರಿನ ಮುಂದೆ ಹಾಕಿಕೊಳ್ಳುವ ಆಸೆಯಂತೂ ಬಿಟ್ಟುಬಿಡಿ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಮಾನ್ಯತೆ ಇರುವ ಪದವಿ, ಇಲ್ಲವೇ ವೃತ್ತಿಯ ಜ್ಞಾನ ಕೊಡುವ ಅಥವಾ ವಿಶೇಷ ಸಾಧನೆಯನ್ನು ಗುರುತಿಸುವ ಸದಸ್ಯತ್ವ, ಗೌರವಗಳನ್ನು ಮಾತ್ರ ಹೆಸರಿನ ಜೊತೆ ಹಾಕಬಹುದು. ಫೀಸು ಕಟ್ಟಿದ್ದಕ್ಕೆ ಬಂದ ಕಾರ್ಡು ಸಾಧನೆ ಅಲ್ವಲ್ಲ. ತಮಾಷೆ ಅಂದರೆ, ಅದೇ ನಿಯಮಗಳು ವೈದ್ಯರು ತಮ್ಮ ವೃತ್ತಿಯ ಸಂಘಗಳಿಗೆ ಸೇರಬೇಕು, ಸುಮ್ನೆ ಸೇರಿ ಕೂರದೆ ಕೆಲಸ ಮಾಡಬೇಕು ಅಂತಲೂ ಹೇಳುತ್ತವೆ. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇ (ವೃತ್ತಿಯಲ್ಲಿರುವ ವೈದ್ಯರ ಮುಂದುವರಿಕೆ ಕಲಿಕೆ) ಅಂತಲೂ ಇದೆ. ಹಾಗಾಗಿ ಸಂಘವೇ ಬೇಡ ಅನ್ನುವ ವಾದ ನಿಲ್ಲುವುದಿಲ್ಲ.

ಇನ್ನು ಐಡಿಎಸ್‌ಎ. 1963ರಲ್ಲಿ ಶುರುವಾದ ಸಂಘ. ಈಗ 12 ಸಾವಿರಕ್ಕೂ ಹೆಚ್ಚು ಸದಸ್ಯರು. ಸಿಐಡಿ, ಜೆಐಡಿ ಅಂತ ನೀವು ಸೆಮಿನಾರಿನಲ್ಲಿ ಉಲ್ಲೇಖಿಸುವ ಪತ್ರಿಕೆಗಳು ಇವರದೇ. ವರ್ಷಕ್ಕೊಮ್ಮೆ ನಡೆಯುವ ಐಡಿವೀಕ್ 2012ರಿಂದ ಇನ್ನೂ ಕೆಲವು ಸಂಘಗಳ ಜೊತೆ ಸೇರಿ ಮಾಡುವ ದೊಡ್ಡ ಸಮ್ಮೇಳನ. ಆದರೆ ಪಿಜಿ ಆಗಿ ನಿಮಗೆ ನಿಜವಾಗಿ ಬೇಕಾಗುವುದು ಅವರ ಮಾರ್ಗಸೂಚಿಗಳು. ಅವು ಪುಕ್ಕಟೆ. ಯಾರು ಬೇಕಾದರೂ ಓದಬಹುದು. ಅವರದೇ ಮೂರನೇ ಪತ್ರಿಕೆ ಒಎಫ್‌ಐಡಿ ಕೂಡ ಎಲ್ಲರಿಗೂ ತೆರೆದಿದೆ. ಉಳಿದ ಪತ್ರಿಕೆಗಳಿಗೆ ಮೊದಲು ಕಾಲೇಜು ಲೈಬ್ರರಿಯಲ್ಲಿ ವಿಚಾರಿಸಿ. ನಿಮ್ಮ ಕಾಲೇಜು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ ಅಲ್ವಾ? ಅವರ ಆನ್‌ಲೈನ್ ಲೈಬ್ರರಿ ಹೆಲಿನೆಟ್‌ನ ಲಾಗಿನ್ ಇದ್ದೂ ಬಳಸದ ಪಿಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಾಲೇಜು ಆಗಲೇ ದುಡ್ಡು ಕೊಟ್ಟಿರುವುದಕ್ಕೆ ನೀವು ಮತ್ತೆ ಡಾಲರ್‌ನಲ್ಲಿ ಯಾಕೆ ಕೊಡಬೇಕು? ಈ ಮಟ್ಟಿಗೆ ನಿಮ್ಮ ಸೀನಿಯರ್ ಮಾತು ಒಪ್ಪುತ್ತೇನೆ.

ಹಾಗಂತ ಐಡಿಎಸ್‌ಎ ಸುಮ್ನೆ ಹೆಸರಿಗಿರುವ ಸಂಘ ಅಂತ ತಿಳಿಯಬೇಡಿ. ಇಂಥ ಸಂಘ ಯಾಕೆ ಬೇಕು ಅಂತ ನನಗೆ ಅರ್ಥವಾಗಿದ್ದು ಅವರ ಒಂದು ಜಗಳದಿಂದ. 2016ರಲ್ಲಿ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್‌ನವರು ಹೊಸ ಮಾರ್ಗಸೂಚಿ ತಂದರು. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡುವುದು) ಇರಲಿ, ಸೆಪ್ಟಿಕ್ ಶಾಕ್ (ಅದರಿಂದ ರಕ್ತದೊತ್ತಡ ಕುಸಿಯುವುದು) ಇರಲಿ, ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು ಅಂದರು. ಐಡಿಎಸ್‌ಎ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅಂತ 2018ರಲ್ಲಿ ತಮ್ಮ ಸಿಐಡಿ ಪತ್ರಿಕೆಯಲ್ಲಿ ಬಿಡಿಸಿ ಬರೆದರು. ಶಾಕ್‌ನಲ್ಲಿರುವವರಿಗೆ ಒಂದು ನಿಮಿಷವೂ ತಡ ಬೇಡ, ಅದರಲ್ಲಿ ತಕರಾರಿಲ್ಲ. ಆದರೆ ಶಾಕ್ ಇಲ್ಲದ, ಬರೀ ಅನುಮಾನ ಇರುವ ರೋಗಿಗೂ ಗಡಿಯಾರ ಹಿಡಿದು ನಿಂತರೆ ಸೋಂಕೇ ಇಲ್ಲದ ಎಷ್ಟೋ ಜನರಿಗೆ ಭಾರಿ ಔಷಧಿ ಹೋಗುತ್ತದೆ ಅನ್ನುವುದು ಅವರ ವಾದ. 2021ರಲ್ಲಿ ಸೆಪ್ಸಿಸ್‌ನವರ ಮುಂದಿನ ಮಾರ್ಗಸೂಚಿ ಬಂದಾಗ ಎರಡನ್ನೂ ಬೇರೆ ಮಾಡಿದ್ದರು. ಶಾಕ್ ಇದ್ದರೆ ಒಂದು ಗಂಟೆ. ಶಾಕ್ ಇಲ್ಲದೆ ಬರೀ ಅನುಮಾನ ಇದ್ದರೆ ಮೊದಲು ಬೇಗ ಪರೀಕ್ಷೆ ಮಾಡಿ. ಅನುಮಾನ ಹೋಗದಿದ್ದರೆ ಮೂರು ಗಂಟೆಯೊಳಗೆ ಶುರುಮಾಡಿ.

ಇದು ನಿಮ್ಮ ಕ್ಯಾಶುವಾಲ್ಟಿಗೆ ದೂರದ ಮಾತೇನಲ್ಲ. ಮಳೆಗಾಲ ಶುರುವಾದ ಮೇಲೆ ನೋಡಿ. ಜ್ವರ, ಪ್ಲೇಟ್‌ಲೆಟ್ ಕಡಿಮೆ, ಲಿವರ್ ಎನ್‌ಜೈಮ್ ಸ್ವಲ್ಪ ಜಾಸ್ತಿ. ಪಾಪ, ರಾತ್ರಿ ಡ್ಯೂಟಿಯ ಪಿಜಿ ಮೆರೊಪೆನೆಮ್ ಅನ್ನುವ ಭಾರಿ ಆಂಟಿಬಯೋಟಿಕ್ ಬರೆದು ನಿಟ್ಟುಸಿರು ಬಿಡುತ್ತಾನೆ. ಅದು ಡೆಂಗಿ ಆಗಿದ್ದರೆ ಮೆರೊಪೆನೆಮ್‌ಗೆ ಅಲ್ಲೇನೂ ಕೆಲಸವಿಲ್ಲ. ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ) ಆಗಿದ್ದರೂ ಇಲ್ಲ, ಬೇಕಾದದ್ದು ಡಾಕ್ಸಿಸೈಕ್ಲಿನ್. ಕಂಕುಳು, ತೊಡೆಸಂದು, ಎದೆಯ ಕೆಳಗಿನ ಮಡಿಕೆ ತೆಗೆದು ನೋಡಿದ್ದರೆ ಸುಟ್ಟ ಕಲೆಯಂಥ ಎಸ್ಕಾರ್ ಅಲ್ಲೇ ಸಿಗುತ್ತಿತ್ತೇನೋ.

ಐಡಿಎಸ್‌ಎ ಮಾರ್ಗಸೂಚಿಗೂ ಒಂದು ಮಿತಿ ಇದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ಐಡಿಎಸ್‌ಎ 2020ರಿಂದ ಒಂದು ಸಲಹೆಪತ್ರ ಹೊರತಂದು ಆಗಾಗ ಹೊಸದು ಮಾಡುತ್ತದೆ. ಅದು ಅಮೆರಿಕದ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಅವರೇ ಹಾಗೆ ಹೇಳಿಕೊಂಡಿದ್ದಾರೆ. ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ಔಷಧಿಗಳಿಗೂ ಬಗ್ಗದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಕಾಲಿಸ್ಟಿನ್, ಪಾಲಿಮಿಕ್ಸಿನ್ ಬಿ ಎರಡೂ ಬೇಡ ಅನ್ನುತ್ತಾರೆ. ಬ್ಯಾಕ್ಟೀರಿಯಾದಲ್ಲಿ ಎನ್‌ಡಿಎಂ (ಕಾರ್ಬಪೆನೆಮ್ ಒಡೆಯುವ ಕಿಣ್ವ) ಇದ್ದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೊತೆ ಅಜ್‌ಟ್ರಿಯೋನಾಮ್ ಕೊಡಿ ಅನ್ನುತ್ತಾರೆ. ಔಷಧಶಾಸ್ತ್ರದ ಪ್ರಕಾರ ಸರಿಯೇ. ಆದರೆ ಎನ್‌ಡಿಎಂ ನಮ್ಮ ಐಸಿಯುಗಳಲ್ಲಿ ದಿನನಿತ್ಯದ ಪಾಡು. ಆ ಜೋಡಿಯ ಒಂದು ದಿನದ ಖರ್ಚು ಹೇಳಿದರೆ ಮನೆಯವರು ಗೋಡೆ ನೋಡುತ್ತಾರೆ. ಆಗ ಕಾಲಿಸ್ಟಿನ್ ಡೋಸ್ ಕಿಡ್ನಿಗೆ ಹೊಂದುವ ಹಾಗೆ ಹೇಗೆ ಕೊಡುವುದು ಅಂತ ಹೇಳಿಕೊಡುವವರು ಬೇಕು. ಅವರು ಐಡಿಎಸ್‌ಎ ಕಚೇರಿ ಇರುವ ವರ್ಜೀನಿಯಾದಲ್ಲಿ ಇರುವುದಿಲ್ಲ. ಸ್ಕ್ರಬ್ ಟೈಫಸ್‌ಗೂ ಅಷ್ಟೇ. ರೋಗ ತೀವ್ರವಾಗಿದ್ದರೆ ಡಾಕ್ಸಿಸೈಕ್ಲಿನ್, ಅಜಿಥ್ರೊಮೈಸಿನ್ ಎರಡನ್ನೂ ಒಟ್ಟಿಗೆ ನರಕ್ಕೆ (ಐವಿ) ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲು ಅಂತ ತೋರಿಸಿದ್ದು ನಮ್ಮ ದೇಶದ ಆಸ್ಪತ್ರೆಗಳೇ. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು. ಜರ್ನಲ್ ಕ್ಲಬ್‌ಗೆ ತಗೊಳ್ಳಿ, ಆದರೆ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಅನ್ನುವುದನ್ನು ಮುಚ್ಚಿಡಬೇಡಿ. ಲಾಭ ಕಂಡದ್ದು ಜ್ವರ, ತೊಡಕುಗಳು ಎಲ್ಲ ಸೇರಿಸಿದ ಲೆಕ್ಕದಲ್ಲಿ.

ಇಲ್ಲಿಗೆ ಸಿಐಡಿಎಸ್ ಬರುತ್ತದೆ. ಕ್ಲಿನಿಕಲ್ ಇನ್‌ಫೆಕ್ಷಿಯಸ್ ಡಿಸೀಸಸ್ ಸೊಸೈಟಿ. ವಯಸ್ಸಿನಲ್ಲಿ ಚಿಕ್ಕದು. ಎರಡನೇ ವಾರ್ಷಿಕ ಸಮ್ಮೇಳನ ನಡೆದದ್ದೇ 2012ರಲ್ಲಿ, ಚೆನ್ನೈನಲ್ಲಿ. ಅದರ ಅಂಗವಾಗಿ ಆಗಸ್ಟ್ 24ರಂದು ದೇಶದ ಹಲವು ವೈದ್ಯ ಸಂಘಗಳು ಒಟ್ಟಿಗೆ ಕೂತು ಆಂಟಿಬಯೋಟಿಕ್ ಬಳಕೆಗೆ ಕಡಿವಾಣ ಹಾಕುವ ದಾರಿ ಚರ್ಚಿಸಿದವು. ಅದರಿಂದ ಬಂದದ್ದೇ ಚೆನ್ನೈ ಘೋಷಣೆ. ಅವರು ದೊಡ್ಡ ಆದರ್ಶದ ಮಾತು ಬಿಟ್ಟು, ನಮ್ಮ ದೇಶದಲ್ಲಿ ಆಗುವ ಕೆಲಸ ಯಾವುದು ಅಂತ ಯೋಚಿಸಿದರು. ಎಲ್ಲ ಆಂಟಿಬಯೋಟಿಕ್‌ಗಳನ್ನೂ ಒಂದೇ ದಿನ ಡಾಕ್ಟರ ಚೀಟಿ ಇಲ್ಲದೆ ಸಿಗದ ಹಾಗೆ ಮಾಡಿದರೆ, ಡಾಕ್ಟರೇ ಇಲ್ಲದ ಹಳ್ಳಿಯವರು ಏನು ಮಾಡಬೇಕು? ಮರುವರ್ಷ ಸರ್ಕಾರ ಶೆಡ್ಯೂಲ್ ಎಚ್1 ಅನ್ನುವ ಔಷಧಿ ಪಟ್ಟಿ ತಂದಿತು, 2014ರ ಮಾರ್ಚ್‌ನಿಂದ ಜಾರಿಗೆ ಬಂತು. ಅದರಲ್ಲಿರುವ ಔಷಧಿ ಮಾರಿದರೆ ಮೆಡಿಕಲ್ ಶಾಪಿನವರು ಬರೆದ ಡಾಕ್ಟರ್ ಯಾರು, ರೋಗಿ ಯಾರು, ಎಷ್ಟು ಕೊಟ್ಟರು ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಘೋಷಣೆಯೊಂದರಿಂದಲೇ ಇದೆಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಎಲ್ಲ ಅಂಗಡಿಯವರೂ ಪುಸ್ತಕ ಬರೆಯುತ್ತಾರೆ ಅಂತಲೂ ಹೇಳುವುದಿಲ್ಲ. ಆದರೂ ಒಬ್ಬ ಡಾಕ್ಟರ್ ಒಂಟಿಯಾಗಿ ಕೂಗಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ನನಗೆ ಮಾತ್ರ ಸಂಘದಿಂದ ಸಿಕ್ಕ ದೊಡ್ಡ ಲಾಭ ಕೇಳುವುದಕ್ಕೆ ಜನ. ಮೈಸೂರಿನಲ್ಲಿ ಸೋಂಕು ರೋಗಕ್ಕೆ ಬರವಿಲ್ಲ. ಕೆ.ಆರ್. ಆಸ್ಪತ್ರೆ ಇದೆ, ಕ್ಷಯಕ್ಕೆ ಪಿಕೆಟಿಬಿ ಸ್ಯಾನಟೋರಿಯಂ ಇದೆ, ಎಚ್‌ಐವಿ ರೋಗಿಗಳನ್ನು ನೋಡಿಕೊಳ್ಳುವ ಆಶಾಕಿರಣ ಇದೆ. ಬರ ಇರುವುದು ಈ ವಿಷಯದಲ್ಲೇ ಮುಳುಗಿರುವ ಡಾಕ್ಟರುಗಳಿಗೆ. ಹೃದಯದ ಡಾಕ್ಟರಿಗೆ ಅನುಮಾನ ಬಂದರೆ ಪಕ್ಕದ ರಸ್ತೆಯಲ್ಲೇ ಇನ್ನೊಬ್ಬರು ಸಿಗುತ್ತಾರೆ. ನಮಗೆ ಸಿಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮದ್ದೂರು ಕಡೆಯ ರೈತರೊಬ್ಬರು. ತಿಂಗಳುಗಟ್ಟಲೆ ಸೊಂಟನೋವು, ಸಂಜೆಗೆ ಜ್ವರ. ಎಂಆರ್‌ಐನಲ್ಲಿ ಬೆನ್ನುಮೂಳೆ ಸೋಂಕು. ಬೇರೆ ಕಡೆ ಬೆನ್ನುಮೂಳೆಯ ಟಿಬಿ ಅಂತ ಮಾತ್ರೆ ಶುರುವಾಗಿತ್ತು. ಮೊದಲು ಸ್ವಲ್ಪ ಆರಾಮಾಗಿ, ಆಮೇಲೆ ಅಲ್ಲೇ ನಿಂತಿತ್ತು. ಸಮ್ಮೇಳನವೊಂದರಲ್ಲಿ ಪರಿಚಯವಾಗಿದ್ದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಫಿಲ್ಮ್ ಕೇಳುವ ಮೊದಲು ಹಸು ಬಗ್ಗೆ ಕೇಳಿದರು. ಮನೆಯಲ್ಲಿ ಹಸು ಕಂದು ಹಾಕಿತ್ತಾ (ಗರ್ಭಪಾತ ಆಗಿತ್ತಾ), ಇವರೇ ಕೈಹಾಕಿ ಕರು ಎಳೆದರಾ, ಹಸಿ ಹಾಲು ಕುಡಿಯುತ್ತಾರಾ? ರೈತರು ಮೂರಕ್ಕೂ ಹೌದು ಅಂದರು. ದನಗಳಿಂದ ಬರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾಕ್ಕೆ ಪರೀಕ್ಷೆ ಮಾಡಿಸಿದೆ, ಪಾಸಿಟಿವ್ ಬಂತು. ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಬ್ರುಸೆಲ್ಲಾ ಮೇಲೂ ಕೆಲಸ ಮಾಡುತ್ತದೆ. ಅದಕ್ಕೇ ಅರ್ಧಂಬರ್ಧ ವಾಸಿ. ರಕ್ತದ ಕಲ್ಚರ್ ಕಳಿಸುವಾಗ ಲ್ಯಾಬಿಗೆ ಮೊದಲೇ ಹೇಳಿ ಅಂತಲೂ ಅವರೇ ಎಚ್ಚರಿಸಿದರು. ಆ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತದೆ, ಜೊತೆಗೆ ತೆರೆದ ಬೆಂಚಿನ ಮೇಲೆ ಪ್ಲೇಟು ತೆಗೆದರೆ ಲ್ಯಾಬಿನವರಿಗೇ ಸೋಂಕು ತಗಲಬಹುದು. ಇದನ್ನೆಲ್ಲ ಪುಸ್ತಕದಲ್ಲಿ ಓದಿರುತ್ತೇವೆ. ಆದರೆ ಸರಿಯಾದ ಹೊತ್ತಿಗೆ ನೆನಪಿಸುವವರು ಬೇಕಲ್ವಾ?

ಇನ್ನು ದುಡ್ಡಿನ ವಿಷಯ. ನಮ್ಮ ದೇಶದ ಹೆಚ್ಚಿನ ವೈದ್ಯ ಸಂಘಗಳಲ್ಲಿ ಒಂದೇ ಸಲ ಕಟ್ಟಿ ಮುಗಿಸುವ ಆಜೀವ ಸದಸ್ಯತ್ವ ಇರುತ್ತದೆ. ಐಡಿಎಸ್‌ಎದು ವರ್ಷ ವರ್ಷ ಕಟ್ಟುವ ಚಂದಾ. ಸ್ಟೈಪೆಂಡ್‌ನಲ್ಲಿ ಬದುಕುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಶುಲ್ಕ ಆಗಾಗ ಬದಲಾಗುವುದರಿಂದ ಸಂಘದ ಸ್ವಂತ ವೆಬ್‌ಸೈಟಿನಲ್ಲೇ ನೋಡಿ, ಯಾವ ವರ್ಗಕ್ಕೆ ನೀವು ಅರ್ಹರು ಅನ್ನುವುದನ್ನೂ ಅಲ್ಲೇ ಓದಿ. ನಮ್ಮಲ್ಲಿ ಹಲವು ಸಂಘಗಳ ಫಾರಂಗೆ ಈಗಾಗಲೇ ಸದಸ್ಯರಾಗಿರುವವರ ಸಹಿ ಬೇಕಾಗುತ್ತದೆ. ನಿಮ್ಮ ಎಚ್‌ಒಡಿ ಬಳಿ ಕೇಳಿ.

"ನಿಮ್ಮನ್ನು ಅಂತರರಾಷ್ಟ್ರೀಯ ಫೆಲೋ ಆಗಿ ಆಯ್ಕೆ ಮಾಡಿದ್ದೇವೆ, ಇಷ್ಟು ಡಾಲರ್ ಕಳಿಸಿ" ಅಂತ ಇಮೇಲ್ ಬಂದರೆ ಡಿಲೀಟ್ ಮಾಡಿ. ಸಂಶೋಧನಾ ಲೇಖನದಲ್ಲಿ ನಿಮ್ಮ ಇಮೇಲ್ ಒಮ್ಮೆ ಅಚ್ಚಾದರೆ ಇವು ಸಾಲುಗಟ್ಟಿ ಬರುತ್ತವೆ. ಐಡಿಎಸ್‌ಎಯ ನಿಜವಾದ ಫೆಲೋ ಗೌರವ ಹಾಗೆ ಕರೆದು ಕೊಡುವುದಲ್ಲ. ಮೊದಲು ಸದಸ್ಯರಾಗಿರಬೇಕು, ಅರ್ಜಿ ಹಾಕಬೇಕು, ಈ ಕ್ಷೇತ್ರದಲ್ಲಿ ಮಾಡಿದ ಕೆಲಸ ತೋರಿಸಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಫಾರಂ ತುಂಬುವ ಮೊದಲೇ ಮೈಕ್ರೋಬಯಾಲಜಿ ವಿಭಾಗಕ್ಕೆ ಹೋಗುತ್ತಿದ್ದೆ. ನಿಮ್ಮ ವಾರ್ಡಿನ ಕಲ್ಚರ್‌ಗಳಲ್ಲಿ ಏನು ಬೆಳೆಯುತ್ತಿದೆ, ಯಾವುದಕ್ಕೆ ಬಗ್ಗುತ್ತಿದೆ ಅಂತ ಆ ಮೇಡಂ ಅಥವಾ ಸರ್ ಬಳಿ ಪಟ್ಟಿ ಇರುತ್ತದೆ. ಅದನ್ನು ಯಾವ ಸಂಘವೂ ನಿಮಗೆ ಕಳಿಸುವುದಿಲ್ಲ. ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿ ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂರಲು ಅನುಮತಿ ಕೇಳಿ. ಸಾಮಾನ್ಯವಾಗಿ ಪಿಜಿಗಳು ಹೋಗುವುದೇ ಇಲ್ಲ, ಹಾಗಾಗಿ ಬೇಡ ಅನ್ನುವುದು ಕಡಿಮೆ. ಜೊತೆಗೆ ಎಪಿಐ, ಅಂದರೆ ಅಸೋಸಿಯೇಷನ್ ಆಫ್ ಫಿಸಿಷಿಯನ್ಸ್ ಆಫ್ ಇಂಡಿಯಾ. ಅದರ ಕರ್ನಾಟಕ ಶಾಖೆಯ ಸಮ್ಮೇಳನ ಕೆಎಪಿಐಕಾನ್ ಹತ್ತಿರದ ಊರಲ್ಲಿ ನಡೆದರೆ ಹೋಗಿ ಬನ್ನಿ. ಆಮೇಲೆ ಸಿಐಡಿಎಸ್. ಅದರ ಸಮ್ಮೇಳನ ಸಿಐಡಿಎಸ್‌ಕಾನ್‌ಗೆ ಒಂದು ಪೋಸ್ಟರ್ ಇಟ್ಟುಕೊಂಡೇ ಹೋಗಿ. ಕೈಯಲ್ಲಿ ಕೆಲಸ ಇದ್ದರೆ ದೊಡ್ಡವರು ನಿಂತು ಮಾತಾಡಿಸುತ್ತಾರೆ, ಬರೀ ಬ್ಯಾಗ್ ಹಿಡಿದು ಓಡಾಡಿದರೆ ಊಟದ ಸಾಲಿನಲ್ಲೇ ಮುಗಿಯುತ್ತದೆ.

ಡಿಎಂ ಸೇರಿದ ಮೇಲೆ, ಅಥವಾ ಐಡಿವೀಕ್‌ಗೆ ಪೇಪರ್ ಕಳಿಸುವ ಹೊತ್ತಿಗೆ ಐಡಿಎಸ್‌ಎ ಲೆಕ್ಕ ಮತ್ತೆ ಹಾಕಿ. ಆಗ ಸದಸ್ಯರಿಗೆ ಸಿಗುವ ರಿಯಾಯಿತಿಯಿಂದಲೇ ಒಂದಷ್ಟು ದುಡ್ಡು ವಾಪಸ್ ಬರಬಹುದು.

ಒಂದು ಮಾತು ಮರೆತಿದ್ದೆ. ಪೋಸ್ಟರ್‌ಗೆ ಅಬ್‌ಸ್ಟ್ರ್ಯಾಕ್ಟ್ ಕಳಿಸುವ ಕೊನೆ ದಿನ ಸಮ್ಮೇಳನಕ್ಕಿಂತ ಎಷ್ಟೋ ವಾರ ಮೊದಲೇ ಮುಗಿದುಹೋಗಿರುತ್ತದೆ. ಜ್ವರದ ಕೇಸುಗಳ ಮೇಲೆ ಥೀಸಿಸ್ ಮಾಡುತ್ತಿದ್ದರೆ ಈ ವಾರವೇ ಗೈಡ್ ಹತ್ತಿರ ಮಾತಾಡಿ. ಎಥಿಕ್ಸ್ ಸಮಿತಿಯ ಪತ್ರದ ನಕಲು ಫೋನಿನಲ್ಲಿ ಇಟ್ಟುಕೊಂಡಿರಿ.